ಗೈಡಿಲ್ಲದೆ ವಿಜಯಪುರವನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಮುಗಿಸಿಕೊಂಡು, ಕೈಯಲ್ಲಿ ಉಳಿದ ಅರ್ಧ ದಿನವನ್ನು ಈ ಊರಿಗೆ ಕೊಡುತ್ತಾರೆ. ಕಾರು ಗೋಳಗುಮ್ಮಟದ ಎದುರು ನಿಲ್ಲುತ್ತದೆ, ಮೇಲೆ ಹತ್ತಿ ಒಂದಿಷ್ಟು ಕೂಗಾಟವಾಗುತ್ತದೆ, ಅಲ್ಲಿಂದ ಇಬ್ರಾಹಿಂ ರೋಜಾ, ಆಮೇಲೆ ಹೆದ್ದಾರಿ. ಈ ಎರಡು ಸ್ಮಾರಕಗಳು ಊರಿನ ಪೂರ್ವ ಮತ್ತು ಪಶ್ಚಿಮದ ಕಡೆಗಳಲ್ಲಿವೆ; ನೇರ ಗೆರೆ ಎಳೆದರೆ ಅವುಗಳ ನಡುವೆ ಸುಮಾರು ಮೂರೂವರೆ ಕಿಲೋಮೀಟರ್ ಅಂತರವಿದೆ. 1490ರ ಸುಮಾರಿನಿಂದ 1686ರವರೆಗೆ ಆದಿಲ್ ಶಾಹಿಗಳ ರಾಜಧಾನಿಯಾಗಿದ್ದ, ಅದಕ್ಕೂ ಮೊದಲು ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ವಿಜಯಪುರವೆಂದೇ ಕಾಣಿಸಿಕೊಳ್ಳುವ, 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆ ಅರಮನೆಗಳೊಳಗೇ ಕಚೇರಿಗಳನ್ನು ಕಂಡ ಈ ಪಟ್ಟಣ ಇರುವುದು ಆ ಮೂರೂವರೆ ಕಿಲೋಮೀಟರಿನಲ್ಲಿ. ಕಾರಿನ ಕಿಟಕಿಯಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ನಡೆದು ನೋಡುವುದಕ್ಕೆ ಇಲ್ಲಿ ಒಂದು ಸಂಜೆ, ಒಂದು ಇಡೀ ಮುಂಜಾನೆ ಮತ್ತು ಮರುದಿನದ ಮುಂಜಾನೆ ಬೇಕಾಗುತ್ತದೆ. ಊರು ಬಹುಮಟ್ಟಿಗೆ ಸಮತಟ್ಟಾಗಿದೆ, ದಾರಿ ತಪ್ಪಿದರೂ ಯಾವುದಾದರೊಂದು ಗುಮ್ಮಟ ದಿಕ್ಕು ತೋರಿಸುತ್ತದೆ. ಗೈಡ್ ಇಲ್ಲದ ನಡಿಗೆಗೆ ಕರ್ನಾಟಕದಲ್ಲಿ ಇದಕ್ಕಿಂತ ಅನುಕೂಲವಾದ ಹಳೆಯ ಪಟ್ಟಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಮೈಸೂರಿನವರು ಒಪ್ಪಲಿಕ್ಕಿಲ್ಲ.

ಹೊರಡುವ ಮೊದಲು

ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ, ಪಾದರಕ್ಷೆ ಬಿಟ್ಟು ನಡೆಯಬೇಕಾದ ಕಲ್ಲಿನ ಅಂಗಳಗಳಲ್ಲಿ ಆಗ ಕಾಲಿಡಲಾಗುವುದಿಲ್ಲ. ಜನವರಿಯಲ್ಲಿ ಬರುವುದಾದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ದಿನ ಹೊಂದಿಸಿಕೊಳ್ಳಬಹುದು. ನಂದಿಕೋಲುಗಳ ಮೆರವಣಿಗೆ, ದನಗಳ ಸಂತೆ ಎರಡೂ ಸಿಗುತ್ತವೆ, ಆದರೆ ವಸತಿಗೃಹಗಳಲ್ಲಿ ಕೋಣೆ ಸಿಗುವುದು ಕಷ್ಟವಾದ್ದರಿಂದ ಮುಂಚಿತವಾಗಿಯೇ ಕಾಯ್ದಿರಿಸಬೇಕು. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಅದರಿಂದ ನಡಿಗೆಗೆ ತೊಂದರೆಯಿಲ್ಲವಾದರೂ ಗೋಳಗುಮ್ಮಟಕ್ಕೆ ಮಾತ್ರ ತೊಂದರೆಯಿದೆ. ಅದರ ವಿಷಯ ಮುಂದೆ ಬರುತ್ತದೆ.

ವಾರದ ಯಾವ ದಿನ ಎಂಬುದೂ ಮುಖ್ಯ. ಶುಕ್ರವಾರ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯಕ್ಕೆ ರಜೆ, ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ಹೀಗಾಗಿ ಪೂರ್ವಭಾಗದ ಮುಂಜಾನೆಯ ನಡಿಗೆಯನ್ನು ಶುಕ್ರವಾರ ಇಟ್ಟುಕೊಳ್ಳಬೇಡಿ. ಗುರುವಾರ ಸಂಜೆ ಊರಿಗೆ ಬರುವವರು ಕ್ರಮವನ್ನು ತಿರುಗಿಸಿ, ಶುಕ್ರವಾರ ಪಶ್ಚಿಮಭಾಗವನ್ನೂ ಶನಿವಾರ ಪೂರ್ವಭಾಗವನ್ನೂ ನೋಡಬಹುದು.

ತಂಗುವುದಕ್ಕೆ ಗಾಂಧಿ ಚೌಕದ ಆಸುಪಾಸಿನ ವಸತಿಗೃಹವನ್ನು ಹುಡುಕಿ. ಹೆದ್ದಾರಿಯ ಬದಿಯ ಹೊಸ ಹೋಟೆಲುಗಳು ಅಚ್ಚುಕಟ್ಟಾಗಿರಬಹುದು, ಆದರೆ ಪ್ರತಿ ಸಲ ಆಟೊ ಹಿಡಿದು ಊರೊಳಗೆ ಬರುವಷ್ಟರಲ್ಲಿ ನಡಿಗೆಯ ಉದ್ದೇಶವೇ ಹಾಳಾಗುತ್ತದೆ. ಚೌಕದಿಂದ ಎರಡೂ ದಿಕ್ಕಿಗೆ ನಡೆಯಬಹುದು, ಮಧ್ಯಾಹ್ನ ಕೋಣೆಗೆ ಮರಳಿ ಒಂದು ನಿದ್ದೆ ತೆಗೆಯಬಹುದು.

ಚೀಲದಲ್ಲಿ ಇರಬೇಕಾದವು ಕೆಲವೇ: ಸುಲಭವಾಗಿ ಬಿಚ್ಚಿ ಹಾಕಬಹುದಾದ ಚಪ್ಪಲಿ, ಬಿಸಿ ಕಲ್ಲಿನ ಮೇಲೆ ನಡೆಯಲು ದಪ್ಪನೆಯ ಕಾಲುಚೀಲ, ಟೋಪಿ, ತಲೆ ಮುಚ್ಚಿಕೊಳ್ಳಲು ಒಂದು ವಸ್ತ್ರ, ಎರಡು ಲೀಟರ್ ನೀರು, ಕತ್ತಲೆಯ ಮೆಟ್ಟಿಲುಗಳಿಗೆ ಟಾರ್ಚು. ದುರ್ಬೀನು ಇದ್ದವರು ಮರೆಯದೆ ತನ್ನಿ. ಇಲ್ಲಿನ ಒಳ್ಳೆಯ ಕೆತ್ತನೆಯೆಲ್ಲ ತಲೆಯ ಮೇಲೆ, ಸೂರಿನ ಕೆಳಗೆ ಇರುತ್ತದೆ.

ಕೊನೆಯ ತಯಾರಿ ಒಂದು ನಕ್ಷೆ. ಫೋನಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಜೊತೆಗೆ ಟಿಪ್ಪಣಿ ಪುಸ್ತಕದ ಒಂದು ಹಾಳೆಯಲ್ಲಿ ನೀವೇ ಒಂದನ್ನು ಬರೆಯಿರಿ. ಪೂರ್ವ–ಪಶ್ಚಿಮವಾಗಿ ಉದ್ದವಾದ ಒಂದು ಮೊಟ್ಟೆಯಾಕಾರ ಬರೆದರೆ ಅದು ಹೊರಕೋಟೆ; ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1565ರ ಹೊತ್ತಿಗೆ ಮುಗಿದ, ಸುಮಾರು 10 ಕಿಲೋಮೀಟರ್ ಸುತ್ತಳತೆಯ, 96 ಬುರುಜುಗಳ ಗೋಡೆ ಅದು. ಅದರ ನಡುವೆ ಒಂದು ಸಣ್ಣ ವೃತ್ತ ಹಾಕಿ: ಅದು ಅರಕಿಲ್ಲಾ, ಎಂದರೆ ಒಳಕೋಟೆ. ಹೊರಗೆರೆಯ ಮೇಲೆ ಐದು ದೊಡ್ಡ ಬಾಗಿಲುಗಳನ್ನು ಗುರುತು ಮಾಡಿ: ಪೂರ್ವಕ್ಕೆ ಅಲ್ಲಾಪುರ, ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಾಹಪುರ, ಉತ್ತರಕ್ಕೆ ಬಹಮನಿ, ದಕ್ಷಿಣದ ಕಡೆಗೆ ಫತೇ ದರವಾಜಾ. ಗೋಳಗುಮ್ಮಟ ಮೊಟ್ಟೆಯ ಬಲತುದಿಯ ಒಳಗೆ, ಇಬ್ರಾಹಿಂ ರೋಜಾ ಎಡತುದಿಯ ಹೊರಗೆ. ನೋಡಬೇಕಾದ ಉಳಿದದ್ದೆಲ್ಲ ಇವೆರಡರ ನಡುವೆ.

ಇನ್ನು ನೋಡುವ ಕ್ರಮದ ಮಾತು. ದೊರೆಗಳ ಹೆಸರು, ಇಸವಿಗಳನ್ನು ಪುರಾತತ್ವ ಇಲಾಖೆಯ ಫಲಕಗಳು ಹೇಳುತ್ತವೆ. ಅವುಗಳನ್ನು ಓದಿದ ಮೇಲೆ ಪ್ರತಿಯೊಂದು ಜಾಗದಲ್ಲೂ ಎರಡು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ: ಇಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು, ಮತ್ತು ಈಗ ಈ ಜಾಗವನ್ನು ಯಾರು ಏತಕ್ಕೆ ಬಳಸುತ್ತಿದ್ದಾರೆ. ಮಳೆ ಕಡಿಮೆ ಇರುವ, ದೊಡ್ಡ ನದಿ ಹತ್ತಿರದಲ್ಲಿಲ್ಲದ ಈ ಬಯಲಿನಲ್ಲಿ ಅಷ್ಟು ದೊಡ್ಡ ಪಟ್ಟಣ ನಿಂತದ್ದೇ ಒಂದು ಸೋಜಿಗವಾದ್ದರಿಂದ ಮೊದಲ ಪ್ರಶ್ನೆ ನಿಮ್ಮನ್ನು ಎಲ್ಲ ಕಡೆಯೂ ಹೊಸದೊಂದರ ಮುಂದೆ ನಿಲ್ಲಿಸುತ್ತದೆ. ಎರಡನೆಯದು ಈಗಿನ ವಿಜಯಪುರವನ್ನು ತೋರಿಸುತ್ತದೆ.

ಮೊದಲ ಸಂಜೆ: ಉಪಲಿ ಬುರುಜು ಮತ್ತು ದೊಡ್ಡ ತೋಪು

ಊರಿಗೆ ಬಂದ ದಿನ ಸಂಜೆ ನಾಲ್ಕೂವರೆಯ ಹೊತ್ತಿಗೆ ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಹೊರಡಿ. ಗೋಳಗುಮ್ಮಟವನ್ನು ಈ ಹೊತ್ತಿನಲ್ಲಿ ಮುಟ್ಟಬೇಡಿ. ಮೊದಲು ನೋಡಬೇಕಾದದ್ದು ಉಪಲಿ ಬುರುಜು, ಏಕೆಂದರೆ ನಿಮ್ಮ ಹಾಳೆಯ ಮೇಲಿನ ಮೊಟ್ಟೆಯಾಕಾರವನ್ನು ನೆಲದ ಮೇಲಿನ ಊರಿಗೆ ಹೊಂದಿಸಿಕೊಳ್ಳುವುದು ಅಲ್ಲಿಂದಲೇ ಸಾಧ್ಯ.

ಕೋಟೆಗೋಡೆಗೆ ಅಂಟಿಕೊಳ್ಳದೆ ಒಂಟಿಯಾಗಿ ನಿಂತಿರುವ ಈ ದುಂಡು ಗೋಪುರವನ್ನು ಹೈದರ್ ಖಾನ್ ಎಂಬ ಸರದಾರ 1584ರಲ್ಲಿ ಕಟ್ಟಿಸಿದನೆಂದು ಅಲ್ಲಿನ ಪಾರಸಿ ಶಾಸನ ಹೇಳುತ್ತದೆ. ಎತ್ತರ ಸುಮಾರು 80 ಅಡಿ. ಮೆಟ್ಟಿಲುಗಳು ಗೋಪುರದ ಹೊರಮೈಯನ್ನೇ ಸುತ್ತಿಕೊಂಡು ಏರುತ್ತವೆ. ಮಕ್ಕಳಿದ್ದರೆ ಕೈ ಹಿಡಿದು, ಗೋಡೆಯ ಬದಿಗೇ ನಡೆಸಿ. ಮೇಲೆ ಎರಡು ಉದ್ದನೆಯ ತೋಪುಗಳಿವೆ, ದೊಡ್ಡದು ಸುಮಾರು 30 ಅಡಿ ಉದ್ದ. ಇಳಿಬಿಸಿಲು ಬೆನ್ನಿಗೆ ಬೀಳುವಂತೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ದೂರದಲ್ಲಿ ಗೋಳಗುಮ್ಮಟ, ಅದಕ್ಕೂ ಈಚೆ ಜುಮ್ಮಾ ಮಸೀದಿಯ ಗುಮ್ಮಟ, ಇನ್ನೂ ಈಚೆ ಬಾರಾ ಕಮಾನಿನ ಕಪ್ಪು ಕಮಾನುಗಳು ಗುರುತಿಗೆ ಸಿಗುತ್ತವೆ. ತಿರುಗಿ ನಿಂತರೆ ಮರಗಳ ನಡುವೆ ಇಬ್ರಾಹಿಂ ರೋಜಾದ ಮಿನಾರುಗಳು. ನಾಳೆ ನಡೆಯಬೇಕಾದ ದಾರಿಯನ್ನು ಇಲ್ಲಿಯೇ ಹಾಳೆಯ ಮೇಲೆ ಗೀಚಿಕೊಳ್ಳಿ.

ಇಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಪಶ್ಚಿಮದ ಕೋಟೆಗೋಡೆಯ ಮೇಲೆ ಶೇರ್ಜಾ ಬುರುಜು, ಅದರ ಮೇಲೆ ಮಲಿಕ್-ಎ-ಮೈದಾನ್ ತೋಪು. ಇದಕ್ಕೆ ಸಾವಕಾಶವಾಗಿ ಅರ್ಧ ಗಂಟೆ ಕೊಡಿ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್, ಉದ್ದ ಸುಮಾರು ನಾಲ್ಕೂವರೆ ಮೀಟರ್. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ಯುದ್ಧದ ಗೆಲುವಿನ ಗುರುತಾಗಿ ಇಲ್ಲಿಗೆ ಎಳೆದು ತಂದರು; ಅದಕ್ಕೆ ನೂರಾರು ಎತ್ತುಗಳೂ ಆನೆಗಳೂ ಬೇಕಾದವೆಂದು ಹೇಳಿಕೆಯಿದೆ.

ತೋಪಿನ ಬಾಯಿಯ ಬಳಿ ಬಗ್ಗಿ ನೋಡಿ. ಬಾಯಿಯನ್ನು ತೆರೆದ ಸಿಂಹದ ದವಡೆಯಂತೆ ರೂಪಿಸಲಾಗಿದೆ, ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಮೈಮೇಲೆ ಎರಕದವನ ಹೆಸರಿರುವ ಬರಹ ಒಂದು ಕಡೆ, ವಿಜಯಪುರವನ್ನು ಗೆದ್ದ ಮೇಲೆ ಔರಂಗಜೇಬ ಹಾಕಿಸಿದ ಬರಹ ಇನ್ನೊಂದು ಕಡೆ; ಒಂದೇ ಲೋಹದ ತುಂಡಿನ ಮೇಲೆ ಗೆದ್ದವರ ಸಾಲು ಹೀಗೆ ದಾಖಲಾಗಿದೆ. ಗಂಟೆ ಮಾಡುವ ಬಗೆಯ ಮಿಶ್ರಲೋಹವಾದ್ದರಿಂದ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೂ ಒಳಗಿನಿಂದ ದನಿ ಬರುತ್ತದೆ. ಕಲ್ಲಿನಿಂದ ಬಡಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಬದಿಯಲ್ಲಿರುವ ನೀರಿನ ತೊಟ್ಟಿಯ ಬಗ್ಗೆ ಊರಿನವರು ಒಂದು ಕಥೆ ಹೇಳುತ್ತಾರೆ: ಬತ್ತಿಗೆ ಕಿಚ್ಚು ಹಚ್ಚಿದವನು ಕಿವಿಯೊಡೆಯದಿರಲೆಂದು ಅದರಲ್ಲಿ ಮುಳುಗುತ್ತಿದ್ದನಂತೆ. ಕಥೆ ನಿಜವೋ ಸುಳ್ಳೋ, ಕೋಟೆಯ ನೆತ್ತಿಯ ಮೇಲೂ ನೀರು ನಿಲ್ಲಿಸುವ ಏರ್ಪಾಡಿತ್ತು ಎಂಬುದಂತೂ ಕಣ್ಣೆದುರಿಗಿದೆ.

ಎರಡನೆಯ ದಿನದ ಮುಂಜಾನೆ: ಗೋಳಗುಮ್ಮಟದಿಂದ ಅರಕಿಲ್ಲಾದವರೆಗೆ

ಗೋಳಗುಮ್ಮಟದ ಬಾಗಿಲು ಬೆಳಗಿನ ಆರು ಗಂಟೆಗೆ ತೆರೆಯುತ್ತದೆ. ಆರಕ್ಕೇ ಅಲ್ಲಿರಿ. ಈ ಒಂದು ವಿಷಯದಲ್ಲಿ ರಾಜಿ ಬೇಡ, ಏಕೆಂದರೆ ಎಂಟು ಗಂಟೆಯ ನಂತರ ಪಿಸುಗುಟ್ಟುವ ಮೊಗಸಾಲೆಯಲ್ಲಿ ಪಿಸುಮಾತು ಕೇಳುವ ಮಾತೇ ಇಲ್ಲ. ಊರಿನಲ್ಲಿ ಪ್ರವೇಶ ಟಿಕೆಟ್ಟು ಇರುವುದು ಮುಖ್ಯವಾಗಿ ಇಲ್ಲಿ ಮತ್ತು ಇಬ್ರಾಹಿಂ ರೋಜಾದಲ್ಲಿ. ಫಲಕದ ಮೇಲಿನ ಸಂಕೇತವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಂಡರೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಒಳಗೆ ಹೋದ ಕೂಡಲೇ ಮೆಟ್ಟಿಲ ಕಡೆಗೆ ಓಡಬೇಡಿ. ದಕ್ಷಿಣದ ಬಾಗಿಲ ಮುಂದೆ ನಿಂತು ಮೇಲೆ ನೋಡಿದರೆ ಸರಪಳಿಯಲ್ಲಿ ತೂಗುಬಿದ್ದ ಒಂದು ಕಲ್ಲು ಕಾಣುತ್ತದೆ. ಇದನ್ನು ಬಿಜಲೀ ಪತ್ಥರ್ ಎನ್ನುತ್ತಾರೆ, ಸಿಡಿಲಿನಿಂದ ಕಟ್ಟಡವನ್ನು ಕಾಯುತ್ತದೆಂಬ ನಂಬಿಕೆಯಿದೆ. ಬಾಗಿಲ ಮೇಲಿನ ಪಾರಸಿ ಬರಹ ಮಹಮ್ಮದ್ ಆದಿಲ್ ಶಾಹ ತೀರಿಕೊಂಡ ಹಿಜರಿ 1067ನೆಯ ವರ್ಷವನ್ನು, ಎಂದರೆ 1656ನ್ನು, ಸೂಚಿಸುತ್ತದೆ. ಒಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಷ್ಟೇ. ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ.

ಈಗ ಹಜಾರದ ನಡುವಿಗೆ ಬಂದು ತಲೆಯೆತ್ತಿ. ಹೊರಗಿನಿಂದ 44 ಮೀಟರ್ ಅಡ್ಡಳತೆಯ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ನಿಂತಿದೆ. ಅದು ಹೇಗೆ ನಿಂತಿದೆ ಎಂಬುದನ್ನು ಕಣ್ಣಿನಿಂದಲೇ ಬಿಡಿಸಬಹುದು. ನಾಲ್ಕು ಗೋಡೆಗಳಿಂದ ಹೊರಟ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೇರುತ್ತವೆ. ಕಮಾನುಗಳ ಬುಡಗಳನ್ನು ಮನಸ್ಸಿನಲ್ಲಿ ಗೆರೆಯಿಂದ ಕೂಡಿಸಿದರೆ, ಒಂದರ ಮೇಲೊಂದು ಓರೆಯಾಗಿ ಇಟ್ಟ ಎರಡು ಚೌಕಗಳು ಮೂಡುತ್ತವೆ. ಅವೆರಡೂ ಸೇರಿ ಮೇಲೆ ಎಂಟು ಮೂಲೆಯ ಕಟ್ಟೆಯಾಗಿ, ಆ ಕಟ್ಟೆಯ ಒಳಬದಿಗೆ ಸರಿದು ಗುಮ್ಮಟ ಕೂತಿದೆ. ಗುಮ್ಮಟದ ಒತ್ತಡ ಹೊರಕ್ಕೆ ತಳ್ಳಿದರೆ, ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಅದನ್ನು ಸರಿದೂಗಿಸುತ್ತದೆ. ದಾಬೋಳದ ಯಾಕೂತ್ ಎಂಬವನ ಹೆಸರು ಇದರ ಶಿಲ್ಪಿಯಾಗಿ ಪರಂಪರೆಯಲ್ಲಿ ಬಂದಿದೆ. ಈ ಎರಡು ಚೌಕಗಳನ್ನು ಗುರುತಿಸಲು ಐದು ನಿಮಿಷ ಬೇಕಾಗುತ್ತದೆ; ಅದನ್ನು ನೋಡದೆ ಮೇಲೆ ಹೋದವರು ಗೋಳಗುಮ್ಮಟದ ಅರ್ಧವನ್ನು ಕೆಳಗೇ ಬಿಟ್ಟು ಹೋದಂತೆ.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟಾಗಿವೆ, ಎತ್ತರವೂ ಒಂದೇ ಸಮ ಇಲ್ಲ. ಮಂಡಿನೋವಿನವರು ಕೆಳಗೇ ಉಳಿಯುವುದು ಒಳ್ಳೆಯದು. ಮೇಲೆ ಚಪ್ಪಲಿ ಬಿಟ್ಟು ಮೊಗಸಾಲೆಯೊಳಗೆ ಹೋಗಿ. ಇಬ್ಬರಿದ್ದರೆ ಒಬ್ಬರು ಗೋಡೆಗೆ ಮುಖ ಮಾಡಿ ಕೂತು ಅತ್ಯಂತ ಮೆಲ್ಲಗೆ ಮಾತನಾಡಲಿ, ಇನ್ನೊಬ್ಬರು ಸರಿಯಾಗಿ ಎದುರುಬದಿಗೆ ಹೋಗಿ ಗೋಡೆಗೆ ಕಿವಿಗೊಡಲಿ. ಕೂಗಿದರೆ ಏಳೆಂಟು ಸಲ ಪ್ರತಿಧ್ವನಿಯೇನೋ ಬರುತ್ತದೆ, ಆದರೆ ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತದೆ. ಕಾಗದವನ್ನು ಹರಿದರೆ, ಕೈಗಡಿಯಾರವನ್ನು ಗೋಡೆಗೆ ಹಿಡಿದರೆ ಆಗುವ ಸಣ್ಣ ಸದ್ದಿನಲ್ಲೇ ಈ ಜಾಗದ ನಿಜವಾದ ಬೆರಗಿದೆ. ಹೊರಗಿನ ಮಾಳಿಗೆಗೆ ಬಂದು ಗುಮ್ಮಟದ ಬುಡವನ್ನು ಸುತ್ತುವರಿದ ದೊಡ್ಡ ಕಮಲದ ಎಸಳುಗಳನ್ನು ನೋಡಿ ಇಳಿಯಿರಿ.

ಗುಮ್ಮಟದ ಎದುರಿನ ನಗಾರಖಾನೆಯಲ್ಲಿ, ಎಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಇರುವ ವಸ್ತುಸಂಗ್ರಹಾಲಯ ಅಷ್ಟು ಬೆಳಿಗ್ಗೆ ತೆರೆದಿರುವುದಿಲ್ಲ. ಕನ್ನಡ, ಪಾರಸಿ, ಅರಬ್ಬೀ ಶಾಸನಗಳು, ಹಸ್ತಪ್ರತಿಗಳು, ರತ್ನಗಂಬಳಿಗಳು, ಚೀನೀ ಪಿಂಗಾಣಿ ಎಲ್ಲವೂ ಅಲ್ಲಿವೆಯಾದ್ದರಿಂದ ಬಿಡುವಂತೆಯೂ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿ ಬಂದು ನೋಡುವುದೇ ಸರಿಯಾದ ಉಪಾಯ. ಅದೇ ಟಿಕೆಟ್ಟು ನಡೆಯುತ್ತದೆಯೇ ಎಂದು ಹೊರಡುವಾಗಲೇ ಬಾಗಿಲಲ್ಲಿ ವಿಚಾರಿಸಿಕೊಳ್ಳಿ.

ಗೋಳಗುಮ್ಮಟದಿಂದ ನೈಋತ್ಯಕ್ಕೆ ಹದಿನೈದು–ಇಪ್ಪತ್ತು ನಿಮಿಷ ನಡೆದರೆ ಜುಮ್ಮಾ ಮಸೀದಿ. ದಾರಿಯುದ್ದಕ್ಕೂ ಮನೆಗಳ ಸಂದಿಯಲ್ಲಿ ಹೆಸರಿಲ್ಲದ ಸಣ್ಣ ಗುಮ್ಮಟಗಳು, ಅರ್ಧ ಹೂತ ಕಮಾನುಗಳು ಸಿಗುತ್ತವೆ. ಒಂದಕ್ಕೆ ಎಮ್ಮೆ ಕಟ್ಟಿರುತ್ತಾರೆ, ಇನ್ನೊಂದು ಗ್ಯಾರೇಜಿನ ಗೋಡೆಯಾಗಿರುತ್ತದೆ. ಎರಡನೆಯ ಪ್ರಶ್ನೆಗೆ ಇಲ್ಲಿಂದಲೇ ಉತ್ತರಗಳು ಬರತೊಡಗುತ್ತವೆ. ಬೆಳಗಿನ ಉಪಾಹಾರವನ್ನೂ ಈ ದಾರಿಯಲ್ಲಿಯೇ ಮುಗಿಸಿ: ಸೂಸಲ ಮತ್ತು ಮಿರ್ಚಿ ಭಜಿ, ಜೊತೆಗೊಂದು ಚಹಾ.

ಜುಮ್ಮಾ ಮಸೀದಿ ಇಂದಿಗೂ ನಮಾಜು ನಡೆಯುವ ಜಾಗ. ಮೊಣಕಾಲು, ಭುಜ ಮುಚ್ಚುವ ಉಡುಪಿರಲಿ, ನಮಾಜಿನ ಹೊತ್ತಿನಲ್ಲಿ ಅಂಗಳದಲ್ಲೇ ಕಾಯಿರಿ. ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಒಂದನೆಯ ಅಲಿ ಆದಿಲ್ ಶಾಹ ಇದನ್ನು ಆರಂಭಿಸಿದ; ಪೂರ್ವದ ಮೂಲೆಗಳಲ್ಲಿ ಏಳಬೇಕಿದ್ದ ಎರಡು ಮಿನಾರುಗಳು ಕೊನೆಗೂ ಏಳಲಿಲ್ಲ. ಒಳಗಿನ ಬಿಳಿ ಗಾರೆಯ ಕಮಾನುಗಳಲ್ಲಿ ಅಲಂಕಾರವೆಂಬುದೇ ಇಲ್ಲ, ಪಶ್ಚಿಮದ ಗೋಡೆಯ ನಡುವಿನ ಮಿಹ್ರಾಬು, ಎಂದರೆ ನಮಾಜಿನ ದಿಕ್ಕು ತೋರಿಸುವ ಗೂಡು, ಮಾತ್ರ ಚಿನ್ನ ಮತ್ತು ಬಣ್ಣಗಳಿಂದ ತುಂಬಿದೆ. ಈ ಕೆಲಸ ಮಹಮ್ಮದ್ ಆದಿಲ್ ಶಾಹನ ಕಾಲದ್ದು, 1636ರದು. ಹತ್ತಿರ ನಿಂತರೆ ಚಿತ್ರಿಸಿದ ಗೂಡುಗಳಲ್ಲಿ ಜೋಡಿಸಿಟ್ಟ ಪುಸ್ತಕಗಳು, ಹೂದಾನಿಗಳು ಕಾಣುತ್ತವೆ. ಪರದೆ ಎಳೆದಿದ್ದರೆ ಅಲ್ಲಿನ ಹಿರಿಯರನ್ನು ಕೇಳಿ, ನೀವಾಗಿಯೇ ಸರಿಸಬೇಡಿ. ನೆಲದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಒಂದೊಂದರಂತೆ ಗೆರೆ ಹಾಕಿದ ಚೌಕಗಳಿವೆ, ಅವು ಔರಂಗಜೇಬನ ಕಾಲದವೆಂದು ಹೇಳಲಾಗುತ್ತದೆ.

ಅಲ್ಲಿಂದ ಪಶ್ಚಿಮಕ್ಕೆ ಅರಕಿಲ್ಲಾದ ಕಡೆ ನಡೆಯುವ ರಸ್ತೆಯಲ್ಲೇ ಮೆಹತರ್ ಮಹಲ್ ಇದೆ. ಹೆಸರಿಗೆ ಮಹಲಾದರೂ ಇದು ಹಿಂಬದಿಯ ಒಂದು ಸಣ್ಣ ಮಸೀದಿಗೆ ಹೋಗುವ ಬಾಗಿಲು ಮಾತ್ರ. ದುರ್ಬೀನು ತೆಗೆಯಬೇಕಾದ ಜಾಗ ಇದು: ಮುಂಚಾಚಿದ ಕಿಟಕಿಯನ್ನು ಹೊತ್ತ ಕಲ್ಲಿನ ತೋಳುಗಳನ್ನು ಮರದ ಕೆಲಸದಷ್ಟು ತೆಳ್ಳಗೆ ಕೊರೆದಿದ್ದಾರೆ, ಅವುಗಳಲ್ಲಿ ಸಿಂಹ, ಆನೆ, ಹಕ್ಕಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಗುಮ್ಮಟಗಳ ಬೃಹತ್ತನ್ನು ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ಊರಿನ ಕೆಲಸವೆನಿಸಿದರೆ ಆಶ್ಚರ್ಯವಿಲ್ಲ.

ಅಸರ್ ಮಹಲಿಗೆ ಹೆಚ್ಚು ಹೊತ್ತು ಬೇಡ. 1646ರ ಸುಮಾರಿಗೆ ನ್ಯಾಯಸಭೆಯಾಗಿ ಕಟ್ಟಿ, ನಂತರ ಪ್ರವಾದಿಯವರ ಪವಿತ್ರ ಕೇಶವನ್ನು ಇರಿಸಿದ ಕಟ್ಟಡವಿದು. ಸಂಪ್ರದಾಯದಂತೆ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಎಲ್ಲರೂ ಹೊರಗಿನಿಂದ ನೋಡಬಹುದಾದದ್ದು ನಾಲ್ಕು ಭಾರೀ ಮರದ ಕಂಬಗಳ ಮುಂಭಾಗ ಮತ್ತು ಅದರೆದುರಿನ ದೊಡ್ಡ ಹೊಂಡ.

ಇಷ್ಟಾದ ಮೇಲೆ ಅರಕಿಲ್ಲಾ. ಇಲ್ಲಿ ದಾರಿ ಕೇಳುತ್ತಲೇ ನಡೆಯಬೇಕು, ಏಕೆಂದರೆ ಅರಮನೆಗಳು, ಸರ್ಕಾರಿ ಕಚೇರಿಗಳು, ಚಹಾ ಅಂಗಡಿಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲು ಕರೀಮುದ್ದೀನ್ ಮಸೀದಿಯನ್ನು ಹುಡುಕಿ. “ಅರಕಿಲ್ಲಾದಾಗ ಹಳೇ ಮಸೂತಿ ಎಲ್ಲೈತ್ರಿ?” ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಆದಿಲ್ ಶಾಹಿಗಳು ಬರುವುದಕ್ಕೂ ಬಹಳ ಮೊದಲು, 1320ರಲ್ಲಿ, ಹಳೆಯ ಗುಡಿಗಳ ಕಂಬಗಳನ್ನು ಬಳಸಿ ಕಟ್ಟಿದ ಮಸೀದಿ ಇದು. ಗೋಳಗುಮ್ಮಟದಲ್ಲಿ ನೂರು ಜನರಿದ್ದಾಗ ಇಲ್ಲಿ ಒಬ್ಬರೂ ಇರುವುದಿಲ್ಲ. ಕಂಬಗಳನ್ನು ಒಂದೊಂದಾಗಿ ನೋಡುತ್ತ ಹೋಗಿ: ಒಂದರ ಮೇಲೆ ಹಳಗನ್ನಡದ ದುಂಡಕ್ಷರಗಳು, ಇನ್ನೊಂದು ಕಡೆ ಒರಟಾಗಿ ಕೊರೆದ ನಾಗರಿ ಅಕ್ಷರಗಳು. ಈ ನಾಗರಿ ಬರಹ ಮಲಿಕ್ ಕರೀಮುದ್ದೀನ್ ಇದನ್ನು ಕಟ್ಟಿಸಿದನೆಂದೂ, ಕಟ್ಟಿದವನು ಸಾಲೋಟಗಿಯ ಬಡಗಿ ರೇವಯ್ಯನೆಂದೂ ತಿಳಿಸುತ್ತದೆ. ಸಾಲೋಟಗಿ ಇಂದಿಗೂ ಇಂಡಿ ತಾಲ್ಲೂಕಿನಲ್ಲಿದೆ. ವಿಜಯಪುರದ ಸ್ಮಾರಕಗಳಲ್ಲಿ ದೊರೆಗಳ ಹೆಸರು ನೂರು ಕಡೆ ಸಿಗುತ್ತದೆ, ಕೆಲಸ ಮಾಡಿದ ಕನ್ನಡಿಗನೊಬ್ಬನ ಹೆಸರು ಸಿಗುವುದು ಇಲ್ಲಿ. ಇಡೀ ನಡಿಗೆಯಲ್ಲಿ ಒಂದೇ ಜಾಗಕ್ಕೆ ಸಮಯವಿದೆಯೆಂದು ಯಾರಾದರೂ ಕೇಳಿದರೆ ನಾನು ಈ ಕಂಬಗಳ ಬಳಿಗೇ ಕಳುಹಿಸುತ್ತೇನೆ.

ಸಾತ್ ಮಂಜಿಲ್ ಹೆಸರಿನ ಅರಮನೆಯ ಏಳು ಮಹಡಿಗಳೂ ಈಗ ಉಳಿದಿಲ್ಲ, ಆದರೆ ಗೋಡೆಗಳಲ್ಲಿ ನೀರಿನ ಕೊಳವೆಗಳ, ತೊಟ್ಟಿಗಳ ಗುರುತುಗಳಿವೆ. ಎದುರಿಗೆ ರಸ್ತೆಯ ಅಂಚಿನಲ್ಲಿರುವ ಪುಟ್ಟ ಮಂಟಪ ಜಲ ಮಂಜ಼ಿಲ್. ಒಂದು ಕಾಲಕ್ಕೆ ಅದರ ಸುತ್ತ ನೀರು ನಿಂತಿರುತ್ತಿತ್ತು, ಈಗ ವಾಹನಗಳು ಸುತ್ತುತ್ತವೆ. ಗಗನ ಮಹಲಿನಲ್ಲಿ ನಡುವಿನ ಅಗಲವಾದ ಕಮಾನಿನ ಎದುರು ದೂರ ಸರಿದು ನಿಲ್ಲಿ: ಒಂದನೆಯ ಅಲಿ ಸುಮಾರು 1561ರಲ್ಲಿ ಕಟ್ಟಿಸಿದ ದರ್ಬಾರಿನ ಮುಖಮಂಟಪ ಅದು, 1686ರಲ್ಲಿ ಕೊನೆಯ ದೊರೆ ಸಿಕಂದರ್ ಬೆಳ್ಳಿಯ ಸರಪಳಿ ತೊಟ್ಟು ಔರಂಗಜೇಬನ ಮುಂದೆ ನಿಂತದ್ದೂ ಇಲ್ಲಿಯೇ ಎಂದು ಹೇಳುತ್ತಾರೆ. ಕಚೇರಿ ಕೆಲಸಕ್ಕೆ ಹಳ್ಳಿಯಿಂದ ಬಂದವರು ಈಗ ಅದೇ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ನೀವೂ ಕೂತು ಸುಧಾರಿಸಿಕೊಳ್ಳಿ; ಫೋಟೊ ತೆಗೆಯುವ ಮುನ್ನ “ಫೋಟೊ ತಗೋಬಹುದೇನ್ರೀ?” ಎಂದು ಒಂದು ಮಾತು ಕೇಳಿ.

ಮುಂಜಾನೆಯ ಕೊನೆಯ ನಿಲುಗಡೆ ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅವನ ಸಮಾಧಿಭವನ ಅರ್ಧಕ್ಕೇ ನಿಂತಿತು. ಗೋಳಗುಮ್ಮಟದ ಮೇಲೆ ಇದರ ನೆರಳು ಬೀಳುವಷ್ಟು ಎತ್ತರಿಸಬೇಕೆಂದಿದ್ದರು ಎಂಬ ಕಥೆಯನ್ನು ಕಥೆಯಾಗಿಯೇ ಕೇಳಿ. ನೋಡಬೇಕಾದದ್ದು ಬೇರೆ ಬೇರೆ ಎತ್ತರಕ್ಕೆ ನಿಂತುಹೋದ ಕಮಾನುಗಳನ್ನು, ಏಕೆಂದರೆ ಪೂರ್ಣವಾದ ಕಟ್ಟಡ ಮರೆಮಾಡುವ ಕಟ್ಟುವ ಕ್ರಮವನ್ನು ಇವು ಬಿಚ್ಚಿ ತೋರಿಸುತ್ತವೆ.

ಮಧ್ಯಾಹ್ನದ ಊಟ ಮತ್ತು ಸಂಜೆಯ ಪೇಟೆ

ಊಟಕ್ಕೆ ಖಾನಾವಳಿಯನ್ನು ಹುಡುಕಿ. ಬಿಸಿ ಜೋಳದ ರೊಟ್ಟಿ ಅಥವಾ ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು. ಖಾರ ತಾಳದವರು ಮೊಸರನ್ನು ಮೊದಲೇ ಹೆಚ್ಚಾಗಿ ಹಾಕಿಸಿಕೊಳ್ಳಿ. ಊಟದ ನಂತರ ಟಾಂಗಾ ಸಿಕ್ಕರೆ ಅದರಲ್ಲಿ, ಇಲ್ಲವಾದರೆ ಆಟೊದಲ್ಲಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಟಾಂಗಾದವರ ಜೊತೆ ಬಾಡಿಗೆಯನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳಬೇಕು.

ಸಂಜೆಯ ಹೊತ್ತು ಗಾಂಧಿ ಚೌಕದ ಸುತ್ತಲಿನ ಪೇಟೆಗೆ ಮೀಸಲು. ಇಲ್ಲಿಗೆ ದಾರಿ ಹೇಳಿಕೊಡುವ ಅಗತ್ಯವಿಲ್ಲ, ಕಿವಿ ತೆರೆದಿಟ್ಟರೆ ಸಾಕು. ಒಂದೇ ಅಂಗಡಿಯ ಕಟ್ಟೆಯ ಮೇಲೆ ಈ ಸೀಮೆಯ ಕನ್ನಡ, ದಖನಿ, ಮರಾಠಿ ಮೂರೂ ಕಲೆತು ವ್ಯಾಪಾರ ನಡೆಯುತ್ತಿರುತ್ತದೆ. ಒಯ್ಯುವುದಕ್ಕೆ ಈ ಜಿಲ್ಲೆಯ ಒಣದ್ರಾಕ್ಷಿ, ಇಂಡಿ ಭಾಗದ ಲಿಂಬೆ, ಶೇಂಗಾ ಹೋಳಿಗೆ ಕೊಳ್ಳಿ. ಸಿದ್ಧೇಶ್ವರ ಗುಡಿಯ ಸಂಜೆಯ ಮಂಗಳಾರತಿಗೆ ಹೋಗಿ ಬರಬಹುದು. ಮೊಹರಮ್ಮಿನ ದಿನಗಳಲ್ಲಿ ಬಂದಿದ್ದರೆ ಓಣಿಗಳಲ್ಲಿ ಅಲಾಯಿ ಕುಣಿತವನ್ನೂ, ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳನ್ನೂ ಕೇಳುವ ಭಾಗ್ಯ ಇದೆ; ಎರಡೂ ಧರ್ಮದವರು ಅದರಲ್ಲಿ ಸೇರಿರುತ್ತಾರೆ.

ಕೊನೆಯ ಮುಂಜಾನೆ: ತಾಜ್ ಬಾವಡಿಯಿಂದ ಇಬ್ರಾಹಿಂ ರೋಜಾಕ್ಕೆ

ಬೆಳಿಗ್ಗೆ ಆರೂವರೆಗೆ ಚೌಕದಿಂದ ನೈಋತ್ಯದ ಕಡೆ ಹೊರಟು, ಮಕ್ಕಾ ದರವಾಜಾ ಎಲ್ಲಿ ಎಂದು ಕೇಳುತ್ತ ಹೋಗಿ. ಅದಕ್ಕೆ ಸ್ವಲ್ಪ ಈಚೆಗೇ ತಾಜ್ ಬಾವಡಿ. ಎರಡನೆಯ ಇಬ್ರಾಹಿಂ ತನ್ನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಈ ಬಾವಿ ಒಂದು ಸಣ್ಣ ಕೆರೆಯಷ್ಟಿದೆ. ದೊಡ್ಡ ಕಮಾನಿನ ಬಾಗಿಲು, ಇಕ್ಕೆಲಗಳಲ್ಲಿ ಎಂಟು ಮೂಲೆಯ ಗೋಪುರಗಳು, ಅವುಗಳ ಆಚೀಚೆ ದಾರಿಹೋಕರು ತಂಗುತ್ತಿದ್ದ ಕೋಣೆಗಳು: ಊರಿನ ಬಾಗಿಲು ದಾಟಿ ಬಂದವನಿಗೆ ಮೊದಲು ಸಿಗುತ್ತಿದ್ದದ್ದು ನೀರು ಮತ್ತು ನೆರಳು. ಕಾಲ ಕಾಲಕ್ಕೆ ಹೂಳು, ಕಸ ತುಂಬಿ ಹಾಳಾಗಿದ್ದ ಇದನ್ನೂ ಊರಿನ ಬೇರೆ ಬಾವಡಿಗಳನ್ನೂ ಈಚಿನ ವರ್ಷಗಳಲ್ಲಿ ತೆಗೆಸಿ ಸ್ವಚ್ಛ ಮಾಡಲಾಗಿದೆ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ನೀರಿನ ಅಂಚಿಗೆ ಇಳಿಯಬೇಡಿ.

ದರವಾಜಾ ದಾಟಿ ಹೊರಗೆ ಬಂದರೆ ಇಬ್ರಾಹಿಂ ರೋಜಾ ದೂರವಿಲ್ಲ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ, ನಡುವೆ ಕಾರಂಜಿಯ ಕೊಳ. ರಾಣಿಗಾಗಿ ಆರಂಭವಾದ ಇಲ್ಲಿ 1627ರಲ್ಲಿ ತೀರಿಕೊಂಡ ಇಬ್ರಾಹಿಂನೇ ಮೊದಲು ಮಣ್ಣಾದ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ, ಜನ ಜಗದ್ಗುರು ಬಾದಶಹ ಎಂದು ಕರೆದ ದೊರೆ ಇವನು. ಸಮಾಧಿಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ, ಕಿಟಕಿಗಳ ಬಳಿ ನಿಲ್ಲಿ. ಜಾಲಂಧ್ರದಂತೆ ಕಾಣುವ ಕಲ್ಲಿನ ಕೆಲಸ ನಿಜಕ್ಕೂ ಕೊರೆದು ತೆಗೆದ ಅರಬ್ಬೀ ಅಕ್ಷರಗಳು. ಬೆಳಕು ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬೀಳುತ್ತದೆ. ಒಳಗೆ ಹೋದರೆ ಸಮತಟ್ಟಾದ ಕಲ್ಲಿನ ಮಾಳಿಗೆ ಯಾವ ತೊಲೆಯೂ ಕಾಣದೆ ನಿಂತಿದೆ. ದಕ್ಷಿಣದ ಬಾಗಿಲ ಬರಹದಲ್ಲಿ ಕಟ್ಟಿಸಿದ ಮಲಿಕ್ ಸಂದಲನ ಹೆಸರೂ, ತಗುಲಿದ ಹೊನ್ನಿನ ಲೆಕ್ಕವೂ ಇದೆ. ಆಮೇಲೆ ಮಸೀದಿಯ ಸೂರಿನ ಕೆಳಗೆ ಜೋತುಬಿದ್ದ ಕಲ್ಲಿನ ಸರಪಳಿಗಳನ್ನು ಹುಡುಕಿ, ಒಂದೇ ಕಲ್ಲಿನಿಂದ ಬಿಡಿಸಿದ ಕೊಂಡಿಗಳು ಅವು.

ಇನ್ನೂ ಅರ್ಧ ದಿನ ಉಳಿದಿದ್ದರೆ

ನಡಿಗೆ ಇಲ್ಲಿಗೆ ಮುಗಿಯುತ್ತದೆ, ಮುಂದಿನದಕ್ಕೆ ಆಟೊ ಬೇಕು. ಊರೊಳಗಿನ ಜೋಡ ಗುಮ್ಮಟವನ್ನು ಸಮಯವಿದ್ದವರು ಸೇರಿಸಿಕೊಳ್ಳಲಿ. ಇಲ್ಲವಾದರೆ ನಷ್ಟವೇನೂ ಇಲ್ಲ. ನೀರಿನ ಪ್ರಶ್ನೆಯ ಬೆನ್ನು ಹತ್ತಿದವರು ಮಾತ್ರ ತಪ್ಪದೆ ಎರಡು ಕಡೆ ಹೋಗಬೇಕು. ಒಂದು, ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬ್: 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಈ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹರಿಯುತ್ತಿತ್ತು, ಕೊಳವೆಯಲ್ಲಿ ಒತ್ತಡ ಹೆಚ್ಚಾಗದಂತೆ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು, ಅಂಥ ಗೋಪುರಗಳು ಊರೊಳಗೆ ಅಲ್ಲಲ್ಲಿ ಇನ್ನೂ ಇವೆ. ಇನ್ನೊಂದು, ಪಶ್ಚಿಮದ ತೊರವಿ: ಒಂದನೆಯ ಅಲಿಯ ಕಾಲದಲ್ಲಿ ನೆಲದೊಳಗಿನ ಸುರಂಗದಲ್ಲಿ ನೀರನ್ನು ಊರಿಗೆ ತಂದ ಸುರಂಗ ಬಾವಿ ಅಲ್ಲಿದೆ. ಕನ್ನಡ ಓದುಗರಿಗೆ ಈ ಊರು ಕುಮಾರ ವಾಲ್ಮೀಕಿಯ ರಾಮಾಯಣದಿಂದ ಪರಿಚಿತ. ಅವನ ಅಂಕಿತದೈವವಾದ ನರಸಿಂಹನ ಗುಡಿಯೂ ಇಲ್ಲಿಯೇ. ಸುರಂಗದೊಳಗೆ ಇಳಿಯುವ ಸಾಹಸ ಬೇಡ, ಮೇಲಿನಿಂದ ಗಾಳಿಗಂಡಿಗಳ ಸಾಲನ್ನು ಗುರುತಿಸಿದರೆ ನೀರು ಹರಿದ ದಿಕ್ಕು ತಿಳಿಯುತ್ತದೆ. ಆಟೊವನ್ನು ಹೋಗಿ ಬರುವುದಕ್ಕೆಂದೇ ಗೊತ್ತು ಮಾಡಿಕೊಂಡು, ಅಲ್ಲಿ ಒಂದು ಗಂಟೆ ನಿಲ್ಲಬೇಕೆಂದು ಮೊದಲೇ ತಿಳಿಸಿ. ಮರಳುವಾಗ ರಸ್ತೆಯಲ್ಲಿ ಬೇರೆ ವಾಹನ ಸಿಗುವ ಭರವಸೆ ಇಟ್ಟುಕೊಳ್ಳಬಾರದು.